ಬೇಡಿಕೆ-ಪೂರೈಕೆ ಪಾಠ: ಮೊದಲು ಚೀಟಿ, ಆಮೇಲೆ ರೇಖೆ

ಪಿಯುಸಿ ಮಕ್ಕಳಿಗೆ ಬೇಡಿಕೆ-ಪೂರೈಕೆ ಹೇಳುವಾಗ ಬೋರ್ಡಿನ ಮೇಲೆ ರೇಖೆ ಎಳೆಯುವ ಮೊದಲು ಚೀಟಿ ಹಂಚಿ ಟೊಮೆಟೊ ವ್ಯಾಪಾರ ಮಾಡಿಸಿ. 10 ಜನ ಕೊಳ್ಳುವವರು: ಒಬ್ಬೊಬ್ಬರ ಚೀಟಿಯಲ್ಲೂ ಕೆಜಿಗೆ ಕೊಡಬಹುದಾದ ಗರಿಷ್ಠ ಬೆಲೆ, 65ರಿಂದ 20 ರೂಪಾಯಿವರೆಗೆ ಐದೈದು ಇಳಿಸುತ್ತಾ. 10 ಜನ ಮಾರುವವರು: ಕನಿಷ್ಠ ಬೆಲೆ, 15ರಿಂದ 60ರವರೆಗೆ. ಒಬ್ಬರಿಗೆ ಒಂದೇ ಕೆಜಿ, ಚೀಟಿ ಯಾರಿಗೂ ತೋರಿಸುವ ಹಾಗಿಲ್ಲ, ನಷ್ಟಕ್ಕೆ ವ್ಯಾಪಾರ ಇಲ್ಲ. ಎಲ್ಲರೂ ಜೋರಾಗಿ ಕೂಗಿಯೇ ಚೌಕಾಸಿ ಮಾಡಬೇಕು, ಕುದುರಿದ ಪ್ರತಿ ಬೆಲೆಯನ್ನೂ ನೀವು ಬೋರ್ಡಿನಲ್ಲಿ ಬರೆಯುತ್ತಾ ಹೋಗಿ. ಅದೇ ಚೀಟಿಗಳಲ್ಲಿ ಮೂರು ಸುತ್ತು ಆಡಿಸಿದರೆ ಬೆಲೆ ಸಾಮಾನ್ಯವಾಗಿ 40ರ ಆಸುಪಾಸಿಗೆ ಬರುತ್ತದೆ. ಆಮೇಲೆ ಚೀಟಿಗಳನ್ನು ಕ್ರಮವಾಗಿ ಜೋಡಿಸಿ ಬೇಡಿಕೆಗೊಂದು, ಪೂರೈಕೆಗೊಂದು ರೇಖೆ ಎಳೆಯಿರಿ, ಎರಡೂ ಸೇರುವುದು ಸರಿಯಾಗಿ 40ರಲ್ಲೇ, ಇದೇ ಸಮತೋಲನ ಬೆಲೆ. ಆಗ ರೇಖೆ ಅಂದರೆ ತಮ್ಮದೇ ಚೀಟಿಗಳ ಸಾಲು ಅಂತ ಮಕ್ಕಳಿಗೆ ಗೊತ್ತಾಗುತ್ತದೆ, ಸುಮ್ನೆ ಉರು ಹೊಡೆಯುವುದಿಲ್ಲ. ಜೋರಾಗಿ ಕೂಗುವುದನ್ನು, ಬೋರ್ಡಿನಲ್ಲಿ ಬರೆಯುವುದನ್ನು ಮಾತ್ರ ಬಿಡಬೇಡಿ. ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ಚೇಂಬರ್ಲಿನ್ ಇಂಥದ್ದೇ ಆಟ ಆಡಿಸಿದಾಗ (ಫಲಿತಾಂಶ ಪ್ರಕಟವಾದದ್ದು 1948ರಲ್ಲಿ) ವಿದ್ಯಾರ್ಥಿಗಳು ಇಬ್ಬಿಬ್ಬರೇ ಮಾತಾಡಿಕೊಂಡು ವ್ಯಾಪಾರ ಮುಗಿಸಿದ್ದರು, ಬೆಲೆ ಸಮತೋಲನಕ್ಕೆ ಬರಲಿಲ್ಲ. ಬೆಲೆ ಎಲ್ಲರಿಗೂ ಕೇಳುವಂತೆ ಮಾಡಿ, ಸುತ್ತು ಜಾಸ್ತಿ ಮಾಡಿದ್ದು ವರ್ನನ್ ಸ್ಮಿತ್ (2002ರ ಅರ್ಥಶಾಸ್ತ್ರ ನೊಬೆಲ್ ಪಡೆದ ಇಬ್ಬರಲ್ಲಿ ಒಬ್ಬರು). ಐದಾರು ಮಕ್ಕಳಿದ್ದರೆ ಇದು ಕೆಲಸ ಮಾಡಲ್ಲ, ಒಬ್ಬರು ಹಟ ಹಿಡಿದರೂ ಬೆಲೆ ಎತ್ತಲೋ ಹೋಗುತ್ತದೆ. ಒಂದೇ ಸುತ್ತಿಗೆ ನಿಲ್ಲಿಸಿದರೂ ಅಷ್ಟೇ. ಬೇಡಿಕೆಯ ಸ್ಥಿತಿಸ್ಥಾಪಕತ್ವಕ್ಕೆ (ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಅನ್ನುವುದಕ್ಕೆ) ಈ ಆಟ ಸಾಲದು, ಅದಕ್ಕೆ ಲೆಕ್ಕವನ್ನೇ ಮಾಡಿಸಬೇಕು.