ಮಹಾಮಾರಿಯ ದಿನಗಳಲ್ಲಿ ಪ್ಲೇಗಿನ ಹಳೆಯ ಕೃತಿಗಳನ್ನು ಮತ್ತೆ ಓದುವ ಬಗೆ

ಸಾಂಕ್ರಾಮಿಕ ರೋಗವೊಂದು ಹರಡಿರುವಾಗ ಪ್ಲೇಗಿನ ಕುರಿತ ಹಳೆಯ ಕೃತಿಗಳನ್ನು ಮತ್ತೆ ಕೈಗೆತ್ತಿಕೊಳ್ಳುವವರು ಸಾಮಾನ್ಯವಾಗಿ ಅವುಗಳಲ್ಲಿ ಇಂದಿನ ಸುದ್ದಿಯನ್ನೇ ಹುಡುಕುತ್ತಾರೆ. ಅದು ಸಿಗದೆಯೂ ಇರುವುದಿಲ್ಲ. ಆದರೆ ಹೋಲಿಕೆಗಳನ್ನು ಎಣಿಸುವ ಓದು ನಾಲ್ಕು ಪುಟಗಳಲ್ಲಿಯೇ ಸಪ್ಪೆಯಾಗುತ್ತದೆ. ಪ್ರತಿಯೊಂದು ಕೃತಿಗೂ ಬೇರೊಂದು ಪ್ರಶ್ನೆ ಹಾಕಿ ನೋಡಿ: ಇದನ್ನು ಹೇಳುತ್ತಿರುವವನಿಗೆ ಇದೆಲ್ಲ ಹೇಗೆ ತಿಳಿಯಿತು?

ಆರಂಭಕ್ಕೆ ಪ್ರಾಚೀನ ಗ್ರೀಸಿನ ಇತಿಹಾಸಕಾರ ಥ್ಯುಸಿಡಿಡೀಸನ ಇತಿಹಾಸಕೃತಿಯ ಎರಡನೆಯ ಭಾಗದಲ್ಲಿರುವ ಅಥೆನ್ಸಿನ ಮಾರಿಯ ವರ್ಣನೆ ಒಳ್ಳೆಯದು. ಒಂದೇ ಪಟ್ಟಿಗೆ ಓದಿ ಮುಗಿಸಬಹುದು. ಕ್ರಿ.ಪೂ. 430ರಲ್ಲಿ ಕಾಣಿಸಿಕೊಂಡ ಆ ರೋಗ ಅವನಿಗೂ ತಗಲಿತ್ತು. ಆದರೂ ಕಾರಣಗಳನ್ನು ಊಹಿಸುವ ಕೆಲಸವನ್ನು ಇತರರಿಗೆ ಬಿಟ್ಟು, ಅದು ಮುಂದೆಂದಾದರೂ ಮರಳಿದರೆ ಜನ ಗುರುತಿಸಲೆಂದು ಲಕ್ಷಣಗಳನ್ನು ತಲೆಯಿಂದ ಕೆಳಕ್ಕೆ ಕ್ರಮವಾಗಿ ದಾಖಲಿಸಿದ. ಅದು ಯಾವ ರೋಗವೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

ಇಂಗ್ಲಿಷ್ ಲೇಖಕ ಡೇನಿಯಲ್ ಡಿಫೋನ ‘ಎ ಜರ್ನಲ್ ಆಫ್ ದ ಪ್ಲೇಗ್ ಇಯರ್’ ಕಾದಂಬರಿಗೆ ಹೆಚ್ಚು ದಿನಗಳನ್ನು ಮೀಸಲಿಡಿ. 1665ರ ಲಂಡನ್ನಿನ ಪ್ಲೇಗನ್ನು ಕಣ್ಣಾರೆ ಕಂಡವನಂತೆ ಅದರ ನಿರೂಪಕ ಮಾತನಾಡುತ್ತಾನೆ. ಆದರೆ ಆಗ ಡಿಫೋ ಸುಮಾರು ಐದು ವರ್ಷದ ಬಾಲಕ. ಪುಸ್ತಕ ಬಂದದ್ದು 1722ರಲ್ಲಿ, ಫ್ರಾನ್ಸಿನ ಮಾರ್ಸೇಲ್ಸ್ ನಗರದಲ್ಲಿ 1720ರಲ್ಲಿ ಕಾಣಿಸಿಕೊಂಡ ಪ್ಲೇಗಿನ ಭೀತಿ ಇನ್ನೂ ಆರದಿದ್ದಾಗ. ಪೆನ್ಸಿಲ್ ಹಿಡಿದು, ವಾರವಾರದ ಮರಣಪಟ್ಟಿಯ ಅಂಕಿಗಳು ಬಂದಲ್ಲೆಲ್ಲ ಗುರುತು ಹಾಕಿಕೊಳ್ಳಿ. ರೋಗವಿದೆಯೆಂದು ತಿಳಿದರೆ ಮನೆಯವರೆಲ್ಲರನ್ನೂ ಒಳಗಿಟ್ಟು ಬೀಗ ಹಾಕಿ, ಬಾಗಿಲಿಗೆ ಕೆಂಪು ಶಿಲುಬೆಯ ಗುರುತು ಬರೆದು, ಕಾವಲು ನಿಲ್ಲಿಸುತ್ತಿದ್ದುದರಿಂದ ಜನ ಪ್ಲೇಗಿನ ಸಾವನ್ನು ಬೇರೆ ರೋಗಗಳ ಹೆಸರಿನಲ್ಲಿ ಬರೆಸುತ್ತಿದ್ದರೆಂಬುದನ್ನು ನಿರೂಪಕ ಅದೇ ಅಂಕಿಗಳಿಂದ ಬಿಡಿಸಿ ತೋರಿಸುತ್ತಾನೆ. ಕೊನೆಗೆ, ಸಾವಿನ ಸಂಖ್ಯೆ ಇಳಿಯತೊಡಗಿದೊಡನೆ ಜನ ಎಚ್ಚರಿಕೆಯನ್ನು ಗಾಳಿಗೆ ತೂರಿದರೆಂದು ಸಿಡುಕುತ್ತಾನೆ. ಕೋವಿಡ್ ಕಾಲದ ದಿನನಿತ್ಯದ ಪಟ್ಟಿಗಳನ್ನು ನಂಬುತ್ತಲೋ ಅನುಮಾನಿಸುತ್ತಲೋ ನೋಡಿದವರಿಗೆ ಈ ಭಾಗ ಮೊದಲ ಓದಿಗಿಂತ ಬೇರೆಯಾಗಿಯೇ ಕೇಳಿಸುತ್ತದೆ. ಔಷಧೋಪಚಾರದ ತಿಳಿವಳಿಕೆಯನ್ನು ಮಾತ್ರ ಇಲ್ಲಿ ಹುಡುಕಬೇಡಿ: ಪ್ಲೇಗ್ ಬ್ಯಾಕ್ಟೀರಿಯಾದಿಂದ ಬರುವ ರೋಗ, ಕೋವಿಡ್ ವೈರಸ್ಸಿನಿಂದ; ಪ್ಲೇಗಿನ ಬ್ಯಾಕ್ಟೀರಿಯಾ ಪತ್ತೆಯಾದದ್ದೇ 1894ರಲ್ಲಿ.

ಫ್ರೆಂಚ್ ಲೇಖಕ ಆಲ್ಬರ್ಟ್ ಕಮೂನ 1947ರ ಕಾದಂಬರಿ ‘ದ ಪ್ಲೇಗ್’ ಮರು ಓದಿಗೆಂದೇ ಬರೆದಂತಿದೆ, ಏಕೆಂದರೆ ನಿರೂಪಕ ಯಾರೆಂಬುದು ತಿಳಿಯುವುದು ಕೊನೆಯಲ್ಲಿ. (ಇನ್ನೂ ಓದದವರು ಈ ಪರಿಚ್ಛೇದವನ್ನು ಇಲ್ಲಿಗೇ ಬಿಡಬಹುದು.) ನಿರೂಪಕನಾದ ವೈದ್ಯ ರಿಯೂ ತನ್ನನ್ನೇ ‘ಅವನು’ ಎಂದು ಕರೆದುಕೊಂಡು, ತನ್ನ ದುಃಖಕ್ಕೆ ಇತರರ ದುಃಖಕ್ಕಿಂತ ಹೆಚ್ಚಿನ ಜಾಗ ಕೊಡದಿರುವ ಬಗೆಯನ್ನು ಎರಡನೆಯ ಓದಿನಲ್ಲಿ ಗಮನಿಸಿ. ಪ್ಲೇಗ್ ಎಂಬುದು ಫ್ರಾನ್ಸಿನ ಮೇಲಿನ ನಾಜಿ ಆಕ್ರಮಣದ ರೂಪಕವೆಂಬ ಪ್ರಸಿದ್ಧ ವ್ಯಾಖ್ಯಾನವನ್ನು ಸ್ವಲ್ಪ ಕಾಲ ಬದಿಗಿಟ್ಟು, ರೋಗವನ್ನು ರೋಗವೆಂದೇ ಓದುವುದಕ್ಕೆ ಇದು ತಕ್ಕ ಸಮಯ.

ಇಟಲಿಯ ಲೇಖಕ ಬೊಕಾಚಿಯೊನ ‘ಡೆಕಮೆರಾನ್’ ಎಂಬ ಕಥಾಸಂಗ್ರಹವನ್ನು ಕೊನೆಗೆ ಉಳಿಸಿಕೊಳ್ಳಿ. 1348ರ ಪ್ಲೇಗಿಗೆ ಸಿಕ್ಕ ಫ್ಲಾರೆನ್ಸಿನ ಘೋರ ಚಿತ್ರವಿರುವ ಮುನ್ನುಡಿಯನ್ನು ಕಡಿದಾದ ಬೆಟ್ಟಕ್ಕೆ ಹೋಲಿಸಿ, ಅದನ್ನು ದಾಟಿದರೆ ಸುಂದರವಾದ ಬಯಲಿದೆಯೆಂದು ಅವನೇ ಭರವಸೆ ಕೊಡುತ್ತಾನೆ. ಪ್ಲೇಗಿಗೆ ಹೆದರಿ ಊರು ಬಿಟ್ಟ ಏಳು ಯುವತಿಯರೂ ಮೂವರು ಯುವಕರೂ ಹೇಳಿಕೊಳ್ಳುವ 100 ಕಥೆಗಳಲ್ಲಿ ಪ್ಲೇಗಿನ ಸುಳಿವು ಬಹಳ ಕಡಿಮೆ. ಮನೆಯಲ್ಲಿ ಯಾರಾದರೂ ಜ್ವರದಿಂದ ಮಲಗಿದ್ದರೆ ಡಿಫೋನನ್ನು ಅರ್ಧಕ್ಕೇ ಮುಚ್ಚಿಟ್ಟು, ಬೆಟ್ಟವನ್ನೂ ಹತ್ತದೆ, ನೇರವಾಗಿ ಈ ಕಥೆಗಳಿಗೆ ಬನ್ನಿ. ದಿನಕ್ಕೆ ಒಂದರಂತೆ ಗಟ್ಟಿಯಾಗಿ ಓದಿದರೆ ಮಲಗಿದವರಿಗೂ ಕೇಳಿಸುತ್ತದೆ.