ಯುರೋಪಿನ ಹಳೆಯ ಕೋಟೆಗಳ ಕಾಲವನ್ನು ಗೋಡೆ ನೋಡಿ ಗುರುತಿಸುವ ಬಗೆ

ಮಂಗಳೂರು, ಉಡುಪಿ ಕಡೆಯಿಂದ ಓದಿಗೋ ಉದ್ಯೋಗಕ್ಕೋ ಯುರೋಪಿಗೆ ಹೋಗುವವರಲ್ಲಿ ಹೆಚ್ಚಿನವರು ಅಲ್ಲಿನ ಕೋಟೆಗಳ ಮುಂದೆ ಫೋಟೊ ತೆಗೆಸಿಕೊಂಡು, ಫಲಕದಲ್ಲಿರುವ ಇಸವಿಯನ್ನು ಓದಿ ಮುಂದೆ ಸಾಗುತ್ತಾರೆ. ಆದರೆ ಒಂದೇ ಕೋಟೆಯೊಳಗೆ ನಾಲ್ಕಾರು ಶತಮಾನಗಳ ಕೆಲಸ ಬೆರೆತಿರುವುದರಿಂದ ಆ ಒಂದು ಇಸವಿಯಿಂದ ತಿಳಿಯುವುದು ತೀರಾ ಕಡಿಮೆ. ಪ್ರತಿಯೊಂದು ಗೋಡೆಯ ಮುಂದೆಯೂ ನಿಂತು, ಇದನ್ನು ಕಟ್ಟಿಸಿದವರು ಯಾವ ಆಯುಧಕ್ಕೆ ಅಂಜಿ ಹೀಗೆ ಕಟ್ಟಿಸಿದರು ಎಂದು ಕೇಳಿಕೊಂಡರೆ ಅದರ ಕಾಲ ತಾನಾಗಿಯೇ ತಿಳಿಯತೊಡಗುತ್ತದೆ.

ಈ ಅಭ್ಯಾಸಕ್ಕೆ ವಿಮಾನ ಹತ್ತಬೇಕಾಗಿಲ್ಲ. ಬೋಳೂರಿನ ಸುಲ್ತಾನ್ ಬತ್ತೇರಿಯಿಂದಲೇ ಆರಂಭಿಸಬಹುದು. ಗುರುಪುರ ನದಿಯ ಮೂಲಕ ಯುದ್ಧನೌಕೆಗಳು ಒಳನುಗ್ಗದಂತೆ ತಡೆಯಲು ಟಿಪ್ಪು ಸುಲ್ತಾನ್ 1784ರಲ್ಲಿ ಇದನ್ನು ಕಪ್ಪು ಕಲ್ಲಿನಿಂದ ಕಟ್ಟಿಸಿದನು. ಗೋಡೆ ಎಷ್ಟು ಗಿಡ್ಡವಾಗಿದೆ, ಎಷ್ಟು ದಪ್ಪವಾಗಿದೆ, ತೋಪಿನ ಕಿಂಡಿಗಳು ಯಾವ ದಿಕ್ಕಿಗೆ ತೆರೆದಿವೆ, ಕೆಳಗಿನ ಮದ್ದಿನ ಕೋಣೆ ಹೇಗೆ ನೆಲದೊಳಗೆ ಅಡಗಿದೆ ಎಂಬುದನ್ನು ಒಂದೊಂದಾಗಿ ಗಮನಿಸಿ. ಆಮೇಲೆ ತಣ್ಣೀರುಬಾವಿಗೆ ಹೋಗುವ ದೋಣಿ ಹತ್ತಿ, ನದಿಯ ನಡುವಿನಿಂದ ಹಿಂದಿರುಗಿ ನೋಡಿ. ಯಾವ ಕೋಟೆಯನ್ನೂ ಒಮ್ಮೆಯಾದರೂ ಶತ್ರು ಬರುವ ದಾರಿಯಿಂದ ನೋಡಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಯುರೋಪಿನಲ್ಲಿ ಮೊದಲು ನೆಲವನ್ನು ನೋಡಬೇಕು. ಕೋಟೆಯ ನಡುವೆ ಕೈಯಿಂದ ಕಟ್ಟಿದಂತೆ ಕಾಣುವ ಮಣ್ಣಿನ ದಿಬ್ಬವಿದ್ದು, ಅದರ ಪಕ್ಕದಲ್ಲಿ ಅಗಳಿನಿಂದ ಸುತ್ತುವರಿದ ಅಂಗಳವಿದ್ದರೆ, ಅದರ ಮೂಲ ಬಹುಮಟ್ಟಿಗೆ 11 ಅಥವಾ 12ನೆಯ ಶತಮಾನಕ್ಕೆ ಹೋಗುತ್ತದೆ. ಉತ್ತರ ಫ್ರಾನ್ಸಿನಿಂದ ಬಂದು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರು ಇಂತಹ ದಿಬ್ಬಗಳ ಮೇಲೆ ಮರದ ಗೋಪುರಗಳನ್ನು ಬೇಗ ಬೇಗನೆ ಎಬ್ಬಿಸಿದರು. ಮರ ಬೆಂಕಿಗೆ ಸುಲಭದ ತುತ್ತಾದ್ದರಿಂದ ಮುಖ್ಯ ಸ್ಥಳಗಳಲ್ಲಿ ಚೌಕಾಕಾರದ ಕಲ್ಲಿನ ಗೋಪುರಗಳು ಬಂದವು. 1070ರ ದಶಕದಲ್ಲಿ ಆರಂಭವಾದ ಲಂಡನ್ನಿನ ವೈಟ್ ಟವರ್ ಅಂಥದ್ದು.

ಎರಡನೆಯದಾಗಿ ಮೂಲೆಗಳನ್ನು ನೋಡಬೇಕು, ಮತ್ತು ಇಲ್ಲಿ ಅವಸರ ಮಾಡಬಾರದು. ಕೆಂಟ್ ಪ್ರಾಂತ್ಯದ ರೋಚೆಸ್ಟರ್ ಕೋಟೆಯ ದೊಡ್ಡ ಗೋಪುರಕ್ಕೆ ಮೂರು ಮೂಲೆಗಳು ಚೌಕವಾಗಿಯೂ ಒಂದು ಮಾತ್ರ ದುಂಡಾಗಿಯೂ ಇವೆ. 1215ರಲ್ಲಿ ತನ್ನ ವಿರುದ್ಧ ದಂಗೆಯೆದ್ದ ಸರದಾರರನ್ನು ಇಲ್ಲಿ ಮುತ್ತಿದ ಜಾನ್ ದೊರೆಯ ಕಡೆಯವರು ಒಂದು ಮೂಲೆಯ ಕೆಳಗೆ ಸುರಂಗ ತೋಡಿ, ಮೇಲಿನ ಭಾರಕ್ಕೆ ಮರದ ಆಸರೆ ಕೊಟ್ಟು, ನಲವತ್ತು ಹಂದಿಗಳ ಕೊಬ್ಬನ್ನು ಬಳಸಿ ಆ ಆಸರೆಗೆ ಬೆಂಕಿಯಿಟ್ಟರು. ಮರ ಉರಿದು ಹೋಗುತ್ತಲೇ ಮೂಲೆ ಕುಸಿಯಿತು. ಒಳಗಿದ್ದವರು ಗೋಪುರವನ್ನು ಇಬ್ಭಾಗ ಮಾಡುವ ಅಡ್ಡಗೋಡೆಯ ಹಿಂದೆ ಸರಿದು ಹೋರಾಡಿದರೂ ಕಡೆಗೆ ಹಸಿವಿಗೆ ಸೋತು ಶರಣಾದರು. ಮುಂದಿನ ದೊರೆ ಮೂರನೆಯ ಹೆನ್ರಿಯ ಕಾಲದಲ್ಲಿ ಆ ಮೂಲೆಯನ್ನು ದುಂಡಗೆ ಕಟ್ಟಲಾಯಿತು. ಚೌಕದ ಚೂಪು ಅಂಚಿನಿಂದ ಕಲ್ಲು ಕೀಳುವುದು ಸುಲಭ, ಅದರ ಮರೆಯಲ್ಲಿ ನಿಂತವನು ಮೇಲಿನವರಿಗೆ ಸರಿಯಾಗಿ ಕಾಣುವುದೂ ಇಲ್ಲ. ದುಂಡು ಗೋಡೆಯಲ್ಲಿ ಈ ಎರಡು ದೋಷಗಳೂ ಕಡಿಮೆ. ಆದ್ದರಿಂದ ದುಂಡು ಬುರುಜು ಕಂಡರೆ 12ನೆಯ ಶತಮಾನದ ಕೊನೆ ಅಥವಾ ಅದರ ನಂತರದ ಕಾಲವೆಂದು ಊಹಿಸಿದರೆ ಸಾಮಾನ್ಯವಾಗಿ ತಪ್ಪಾಗದು.

ಹೊರಸುತ್ತಿನ ಗೋಡೆಯ ಒಳಗೆ ಅದಕ್ಕಿಂತ ಎತ್ತರದ ಇನ್ನೊಂದು ಸುತ್ತು ಇದೆಯೇ ಎಂದೂ ನೋಡಿ. ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ ವೇಲ್ಸ್‌ನ ಬೋಮಾರಿಸ್‌ನಲ್ಲಿ 1295ರಲ್ಲಿ ಆರಂಭಿಸಿದ ಕೋಟೆ ಇದಕ್ಕೆ ಅಚ್ಚುಕಟ್ಟಾದ ಮಾದರಿ: ಎರಡು ಸುತ್ತಿನ ಬಿಲ್ಲಾಳುಗಳೂ ಏಕಕಾಲಕ್ಕೆ ಬಾಣ ಬಿಡಬಹುದಿತ್ತು. ಹಣ ಸಾಲದೆ ಅದು ಪೂರ್ಣವಾಗಲೇ ಇಲ್ಲ.

ಕಿಂಡಿಗಳು ಇನ್ನೂ ನಿಖರವಾದ ಸಾಕ್ಷಿ. ಹೊರಗೆ ಕಿರಿದಾಗಿ ಒಳಗೆ ಅಗಲವಾಗುವ ಉದ್ದನೆಯ ಸೀಳು ಬಾಣಕ್ಕಾಗಿ ಬಿಟ್ಟದ್ದು. ಅದೇ ಸೀಳಿನ ಕೆಳತುದಿಯಲ್ಲಿ ದುಂಡನೆಯ ರಂಧ್ರವಿದ್ದು, ಒಟ್ಟು ಆಕಾರ ತಲೆಕೆಳಗಾದ ಬೀಗದ ಕಿಂಡಿಯಂತೆ ಕಂಡರೆ ಅಲ್ಲಿ ಕೋವಿ ಬಂದಿದೆ ಎಂದರ್ಥ. ಕಟ್ಟಲು 1385ರಲ್ಲಿ ಅನುಮತಿ ದೊರೆತ ಇಂಗ್ಲೆಂಡಿನ ಬೋಡಿಯಂ ಕೋಟೆಯ ಹೆಬ್ಬಾಗಿಲಿನಲ್ಲಿ ಇಂತಹವು ಇವೆ.

ತೋಪು ಬಲಿತ ಮೇಲೆ ಎತ್ತರವೇ ಕೋಟೆಗೆ ಶತ್ರುವಾಯಿತು. ಸಾವಿರ ವರ್ಷ ನಿಂತಿದ್ದ ಕಾನ್‌ಸ್ಟಾಂಟಿನೋಪಲ್‌ನ (ಇಂದಿನ ಇಸ್ತಾಂಬುಲ್) ಗೋಡೆಯನ್ನು 1453ರಲ್ಲಿ ಆಟೊಮನ್ ತುರ್ಕರ ಸುಲ್ತಾನ ಎರಡನೆಯ ಮೆಹಮದ್‌ನ ತೋಪುಗಳು ಒಡೆದವು. 1494ರಲ್ಲಿ ಫ್ರಾನ್ಸಿನ ಎಂಟನೆಯ ಚಾರ್ಲ್ಸ್ ಕಂಚಿನ ತೋಪುಗಳೊಂದಿಗೆ ಇಟಲಿಗೆ ನುಗ್ಗಿದನು. ಅದಕ್ಕೆ ಉತ್ತರವಾಗಿ ಇಟಲಿಯ ಶಿಲ್ಪಿಗಳು ಗೋಡೆಯನ್ನು ತಗ್ಗಿಸಿ, ಹಿಂದೆ ಮಣ್ಣು ತುಂಬಿಸಿ, ಮೂಲೆಗಳಲ್ಲಿ ಬಾಣದ ಮೊನೆಯಂತಹ ಕೊತ್ತಲಗಳನ್ನು ಹೊರಚಾಚಿದರು. ಒಂದು ಕೊತ್ತಲದ ತೋಪು ಪಕ್ಕದ ಕೊತ್ತಲದ ಬುಡವನ್ನು ಕಾಯುವಂತೆ ಈ ಕೋನಗಳನ್ನು ಲೆಕ್ಕ ಹಾಕಲಾಗಿತ್ತು. ಇವನ್ನು ನೆಲದ ಮೇಲೆ ನಿಂತು ನೋಡಿದರೆ ಏನೂ ತಿಳಿಯದು. ಹೋಗುವ ಮೊದಲೇ ಮೊಬೈಲಿನ ಉಪಗ್ರಹ ನಕ್ಷೆಯಲ್ಲಿ ನೋಡಿಕೊಳ್ಳಿ. 1593ರಲ್ಲಿ ವೆನಿಸ್ ಗಣರಾಜ್ಯ ಸ್ಥಾಪಿಸಿದ ಪಾಲ್ಮನೋವಾ ಮೇಲಿನಿಂದ ಒಂಬತ್ತು ಮೊನೆಗಳ ನಕ್ಷತ್ರದಂತೆ ಕಾಣುತ್ತದೆ.

ಕೊನೆಗೆ, ದುರಸ್ತಿಯನ್ನು ಮೂಲವೆಂದು ನಂಬದಂತೆ ಎಚ್ಚರ ವಹಿಸಬೇಕು. ಕಲ್ಲಿನ ಬಣ್ಣ, ಗಾತ್ರ, ಗಾರೆ ಬದಲಾಗುವ ಗೆರೆಯನ್ನು ಹುಡುಕಿ. ಫ್ರಾನ್ಸಿನ ಕಾರ್ಕಸೋನ್‌ನ ಮೊನಚು ಚಾವಣಿಗಳು 19ನೆಯ ಶತಮಾನದಲ್ಲಿ ವಾಸ್ತುಶಿಲ್ಪಿ ವಿಯೊಲೆ ಲ ದ್ಯುಕ್ ಕೈಗೊಂಡ ಪುನರ್ನಿರ್ಮಾಣದವು. ಕ್ಯಾಲೆಂಡರುಗಳಲ್ಲಿ ಕಾಣುವ ಜರ್ಮನಿಯ ನೊಯಿಶ್ವಾನ್‌ಸ್ಟೈನ್ 1869ರಲ್ಲಿ ಆರಂಭವಾದ ಅರಮನೆಯೇ ಹೊರತು ಯಾವ ಮುತ್ತಿಗೆಯನ್ನೂ ಎದುರಿಸಲು ಕಟ್ಟಿದ್ದಲ್ಲ. ಹಾಗೆಯೇ ಎಲ್ಲ ಹಾಳುಗೋಡೆಗಳೂ ಕಾಲದ ಹೊಡೆತಕ್ಕೆ ಬಿದ್ದವಲ್ಲ: ದೊರೆಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ ಇಂಗ್ಲೆಂಡಿನ ಕಾರ್ಫ್ ಕೋಟೆಯನ್ನು 1646ರಲ್ಲಿ ವಶಪಡಿಸಿಕೊಂಡ ಪಾರ್ಲಿಮೆಂಟಿನ ಪಕ್ಷದವರು, ದೊರೆಯ ಕಡೆಯವರಿಗೆ ಅದು ಮತ್ತೆ ಉಪಯೋಗಕ್ಕೆ ಬರಬಾರದೆಂದು ಬೇಕೆಂದೇ ಕೆಡವಿದರು.

ಒಂದೇ ಜಾಗಕ್ಕೆ ಹೋಗಲು ಬಿಡುವಿರುವವರಿಗೆ ನಾನು ಹಳೆಯ ಕೋಟೆಯ ಬದಲು ಫ್ರಾನ್ಸಿನ ಬರ್ಗಂಡಿಯ ಗೆಡೆಲೋನನ್ನು ಸೂಚಿಸುತ್ತೇನೆ. ಅಲ್ಲಿ 1997ರಿಂದ 13ನೆಯ ಶತಮಾನದ ವಿಧಾನದಲ್ಲೇ ಹೊಸ ಕೋಟೆಯೊಂದನ್ನು ಕಟ್ಟುತ್ತಿದ್ದಾರೆ. ಸ್ಥಳದಲ್ಲೇ ಕಲ್ಲು ಕಡಿಯುವುದನ್ನೂ, ಮನುಷ್ಯರು ಒಳಗೆ ನಡೆದು ತಿರುಗಿಸುವ ದೊಡ್ಡ ಚಕ್ರದಿಂದ ಆ ಕಲ್ಲು ಗೋಡೆಯ ಮೇಲಕ್ಕೆ ಏರುವುದನ್ನೂ ನೋಡಿ ಬಂದವರು ಉಳಿದ ಕೋಟೆಗಳನ್ನು ಹೆಚ್ಚು ಸುಲಭವಾಗಿ ಓದಬಲ್ಲರು.