ಹುಳದ ಮನೆಯ ಬಾಗಿಲಲ್ಲಿ ಸಿಕ್ಕ ಪ್ರಶ್ನೆ

ನನ್ನ ಪ್ರಶ್ನಾವಳಿಯಲ್ಲಿ ಮುಟ್ಟು ನಿಲ್ಲುವುದಕ್ಕೆ ‘ಋತುಬಂಧ’ ಅಂತ ಬರೆದಿದ್ದೆ. ಶಿಡ್ಲಘಟ್ಟದ ಸುತ್ತಲ ರೇಷ್ಮೆ ಬೆಳೆಯುವ ಹಳ್ಳಿಗಳಲ್ಲಿ ವಾರವಿಡೀ ಅದನ್ನೇ ಕೇಳಿದೆ. ‘ಅಂಥದ್ದೇನೂ ನಮಗಿಲ್ಲಮ್ಮ’ ಅನ್ನುತ್ತಿದ್ದರು ಹೆಂಗಸರು. ನಾನೂ ‘ಇಲ್ಲ’ ಅಂತಲೇ ಗುರುತು ಹಾಕಿಕೊಂಡು ಬಂದೆ.

ಒಂದು ಮನೆಯಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚಿಕೊಂಡು, ಎದ್ದಿದ್ದವು. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚು ಖರ್ಚಾಗುವುದು ಆ ಕೊನೆಯ ವಾರದಲ್ಲೇ. ಅಂಥ ಹೊತ್ತಲ್ಲಿ ಸೊಸೆ ಜಗಲಿ ಮೇಲೆ ಕೂತಿದ್ದಳು. ‘ಹೊರಗಾಗಿದೀನಿ ಅಕ್ಕ, ಒಳಗೋದ್ರೆ ಹುಳ ಕೆಡ್ತವಂತೆ’ ಎಂದಳು. ಒಳಗೆ 50ರ ಆಸುಪಾಸಿನ ಅತ್ತೆ ಒಬ್ಬರೇ ಸೊಪ್ಪು ಹಾಕುತ್ತಿದ್ದರು. ಹಾಳೆ ಮಡಚಿಟ್ಟು ಕೇಳಿದೆ: ‘ಅಮ್ಮ, ನೀವು ತಿಂಗಳು ಪೂರ್ತಿ ಒಳಗೆ ಹೋಗೋಕೆ ಶುರುಮಾಡಿ ಎಷ್ಟು ದಿನ ಆಯ್ತು?’

‘ಎರಡು ವರ್ಷ ಆಯ್ತು ಕಣಮ್ಮ. ನಿಂತೋಯ್ತಲ್ಲ, ಎಲ್ಲಾ ನನ್ ಮೇಲೇ ಬಿತ್ತು.’ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. ‘ಇದ್ದಕ್ಕಿದ್ದಂಗೆ ಮೈಯೆಲ್ಲ ಧಗಧಗ ಅನ್ನುತ್ತೆ. ಸೊಪ್ಪು ಅಲ್ಲೇ ಬಿಟ್ಟು ಆಚೆ ಓಡಿ ಬರ್ತೀನಿ. ಇವ್ರು ಬಿಪಿ ಇರಬೇಕು ಅಂತಾರೆ.’

ಅಂದಿನಿಂದ ಇದೇ ನನ್ನ ಮೊದಲ ಪ್ರಶ್ನೆಯಾಯಿತು. ‘ಇಲ್ಲ’ ಅಂದಿದ್ದವರ ಮನೆಗಳಿಗೆ ಮತ್ತೆ ಹೋದೆ. ನಿದ್ದೆ ಬಾರದ್ದು, ಸುಮ್ಮಸುಮ್ಮನೆ ಅಳು ಬರುವುದು, ಕೀಲುನೋವು ಎಲ್ಲವೂ ಮಾತಿಗೆ ಬಂದವು. ಮೂವತ್ತು ದಾಟುತ್ತಲೇ ಗರ್ಭಕೋಶ ತೆಗೆಸಿದವರೂ ಸಿಕ್ಕರು. ಅಂಡಾಶಯ ಉಳಿಸಿದ್ದಾರೋ ಇಲ್ಲವೋ ಅವರಿಗೆ ಯಾರೂ ಹೇಳಿರಲಿಲ್ಲ. ಅದನ್ನೂ ತೆಗೆದರೆ ಯಾವ ವಯಸ್ಸಾದರೂ ಮೈಗೆ ಮುಟ್ಟು ನಿಂತ ಸ್ಥಿತಿ ಒಮ್ಮೆಲೇ ಬರುತ್ತದೆ, ಮೂಳೆ ಬೇಗ ಸವೆಯುತ್ತದೆ. ಟ್ರಂಕಿನ ತಳದಿಂದ ಡಿಸ್ಚಾರ್ಜ್ ಚೀಟಿ ತೆಗೆಸಿ, ಪಕ್ಕ ಕೂತು ಓದಿ ಹೇಳಿದೆ. ತನ್ನ ಮೈಯೊಳಗೆ ಏನಿದೆ, ಏನಿಲ್ಲ ಅನ್ನುವುದು ಹೆಣ್ಣಿಗೇ ಗೊತ್ತಿಲ್ಲದಿರುವುದು ಅನ್ಯಾಯ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮಾತಾಡಿಸುವುದು 15ರಿಂದ 49ರ ಹೆಂಗಸರನ್ನು. ಆಶಾ ಕಾರ್ಯಕರ್ತೆ ಕುಟುಂಬ ಯೋಜನೆಗೆ ಇಡುವ ಅರ್ಹ ದಂಪತಿಗಳ ಪಟ್ಟಿಯೂ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಒಂದೇ ಒಂದು ಬೇಡಿಕೆ ಇಟ್ಟೆ: ಆ ಪಟ್ಟಿಯ ಪುಸ್ತಕದಲ್ಲಿ ಮುಟ್ಟು ನಿಂತವರಿಗೂ ಒಂದು ಪುಟ. ಮುಟ್ಟು ನಿಂತು 12 ತಿಂಗಳಾದ ಮೇಲೆ ಒಂದು ಹನಿ ಕಂಡರೂ ತಡಮಾಡದೆ ಡಾಕ್ಟರಿಗೆ ತೋರಿಸಬೇಕು ಅನ್ನುವುದನ್ನು ಆ ಪುಟದ ಮೇಲ್ಗಡೆಯೇ ಬರೆಸಿದೆವು.

ಸೊಸೆಯ ವಿಷಯಕ್ಕೆ ವಾದ ಮಾಡಲಿಲ್ಲ. ಹುಳ ಕೆಡಿಸುವ ಹಾಲುತೊಂಡೆ ರೋಗ ವೈರಸ್‌ನಿಂದ ಬರುತ್ತದೆ, ಹುಳದ ಮನೆಯನ್ನು ಬ್ಲೀಚಿಂಗ್ ಪೌಡರಿನಿಂದ ತೊಳೆಯಬೇಕು, ಒಳಗೆ ಹೋಗುವವರೆಲ್ಲ ಕೈ ತೊಳೆಯಬೇಕು ಎಂದಷ್ಟೇ ಹೇಳಿದೆ. ಮುಂದಿನ ಬೆಳೆಗೆ ಹೋದಾಗ ಸೊಸೆ ಹೊರಗಾದ ಎರಡನೇ ದಿನ. ಅತ್ತೆ ಬಾಗಿಲಲ್ಲಿ ನಿಂತು ಅವಳ ಕೈಗೆ ನೀರು ಹಾಕುತ್ತಿದ್ದರು.